ಬಿಸಿಲನ್ನು ಅಚ್ಚು ಹಾಕಲು ಹೊರಟವರು

2007ರ ಡಿಸೆಂಬರ್ 18ರಂದು ಕ್ಯಾಲಿಫೋರ್ನಿಯಾದ ನ್ಯಾನೊಸೋಲಾರ್ ಕಂಪನಿ ತನ್ನ ಮೊದಲ ಸೌರಫಲಕಗಳನ್ನು ಮಾರಾಟಕ್ಕೆ ಹೊರತಂದಿತು. ಕಾರ್ಖಾನೆ ಇದ್ದದ್ದು ಸ್ಯಾನ್ ಹೊಸೆಯಲ್ಲಿ. ಮೊದಲ ಗಿರಾಕಿ ಜರ್ಮನಿಯವರು, ದೇಶದ ಪೂರ್ವಭಾಗದಲ್ಲಿ ಒಂದು ಮೆಗಾವಾಟ್‌ನ ವಿದ್ಯುತ್ ಸ್ಥಾವರ ಕಟ್ಟುತ್ತಿದ್ದವರು. ಆದರೆ ಮೊದಲ ಮೂರು ಫಲಕಗಳಿಗೆ ಬೇರೆಯೇ ಯೋಗವಿತ್ತು. ಒಂದನೇ ನಂಬರಿನದನ್ನು ಕಂಪನಿ ನೆನಪಿಗೆಂದು ತನ್ನಲ್ಲೇ ಇಟ್ಟುಕೊಂಡಿತು. ಎರಡನೆಯದನ್ನು ಈಬೇಯಲ್ಲಿ ಹರಾಜಿಗಿಟ್ಟಿರುವುದಾಗಿ ಸಾರಿತು. ಮೂರನೆಯದನ್ನು ಊರಿನ ಟೆಕ್ ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟಿತು. ಪೇಟೆಯಲ್ಲಿ ಇನ್ನೂ ಬಿಕರಿಯಾಗದ ಮಾಲು ಮ್ಯೂಸಿಯಂ ಸೇರಿದ್ದನ್ನು ಅಪಶಕುನ ಎಂದುಕೊಳ್ಳಲು ಆಗ ಯಾವ ಕಾರಣವೂ ಇರಲಿಲ್ಲ. ಆ ವರ್ಷ 'ಪಾಪ್ಯುಲರ್ ಸೈನ್ಸ್' ಪತ್ರಿಕೆ ವರ್ಷದ ಅತ್ಯುತ್ತಮ ಆವಿಷ್ಕಾರವೆಂದು ಆರಿಸಿದ್ದು ಇದೇ ಕಂಪನಿಯ ಹಾಳೆಯನ್ನು. ಗೂಗಲ್ ಕಟ್ಟಿದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಇದರಲ್ಲಿ ಮೊದಲೇ ದುಡ್ಡು ಹಾಕಿದ್ದರು.

ಕಂಪನಿ ಹೇಳುತ್ತಿದ್ದ ಮಾತನ್ನು ಪತ್ರಿಕೆಯ ಮುದ್ರಣಾಲಯ ನೋಡಿದವರು ಬೇಗ ಹಿಡಿಯಬಹುದು. ರಾತ್ರಿ ಹನ್ನೊಂದರ ಮೇಲೆ ರೋಟರಿ ಯಂತ್ರ ಶುರುವಾದಾಗ ಕಾಗದದ ರೀಲು ಒಂದು ಕಡೆಯಿಂದ ಬಿಚ್ಚಿಕೊಳ್ಳುತ್ತದೆ, ನಡುವೆ ಶಾಯಿ ತಾಗುತ್ತದೆ, ಇನ್ನೊಂದು ಕಡೆಯಲ್ಲಿ ಪತ್ರಿಕೆ ಬೀಳುತ್ತದೆ. ಕಾಗದದ ಜಾಗದಲ್ಲಿ ಅಲ್ಯುಮಿನಿಯಂ ಹಾಳೆ ಇರಲಿ. ಶಾಯಿಯ ಜಾಗದಲ್ಲಿ ತಾಮ್ರ, ಇಂಡಿಯಂ, ಗ್ಯಾಲಿಯಂ, ಸೆಲೆನಿಯಂಗಳ ಅತಿಸೂಕ್ಷ್ಮ ಕಣಗಳನ್ನು ಕಲಸಿದ ದ್ರವ ಇರಲಿ. ಬಳಿದು, ಕ್ಷಣಮಾತ್ರ ಬಿಸಿ ಕೊಟ್ಟರೆ ಕಣಗಳು ಕರಗಿ ಒಂದಾಗಿ, ಬೆಳಕನ್ನು ಹೀರುವ ಪದರವಾಗುತ್ತವೆ. ನಾಲ್ಕು ಧಾತುಗಳ ಇಂಗ್ಲಿಷ್ ಹೆಸರುಗಳ ಮೊದಲ ಅಕ್ಷರ ಸೇರಿಸಿ ಈ ವಸ್ತುವನ್ನು ಕಸುಬಿನವರು 'ಸಿಗ್ಸ್' ಎನ್ನುತ್ತಾರೆ.

ಸಿಗ್ಸ್ ಹೊಸದಲ್ಲ. ಅದನ್ನು ನಿರ್ವಾತ ಕೋಣೆಗಳಲ್ಲಿ, ನಾಲ್ಕು ಧಾತುಗಳನ್ನೂ ಆವಿ ಮಾಡಿ ಗಾಜಿನ ಮೇಲೆ ಕೂರಿಸುವುದು ಗೊತ್ತಿತ್ತು. ಅದು ನಿಧಾನ, ದುಬಾರಿ, ಮತ್ತು ಅಳತೆ ಕೆಟ್ಟರೆ ಪದರ ಪೂರ್ತಿ ದಂಡ. ನಾಲ್ಕರ ಪ್ರಮಾಣ ಹಾಳೆಯ ಉದ್ದಕ್ಕೂ ಒಂದೇ ಇರಬೇಕು, ಒಂದು ಮೂಲೆಯಲ್ಲಿ ತಾಮ್ರ ಚೂರು ಹೆಚ್ಚಾದರೂ ಅಲ್ಲಿ ವಿದ್ಯುತ್ ಸೋರುತ್ತದೆ. ಕಣ ತಯಾರಿಸುವಾಗಲೇ ಪ್ರಮಾಣವನ್ನು ಗಟ್ಟಿ ಮಾಡಿಬಿಟ್ಟರೆ ಆಮೇಲೆ ಎಷ್ಟು ವೇಗವಾಗಿ ಬಳಿದರೂ ಅದು ಕೆಡುವುದಿಲ್ಲ ಎಂಬುದು ನ್ಯಾನೊಸೋಲಾರ್‌ನ ಜಾಣತನ. ಚಟ್ನಿಪುಡಿಯನ್ನು ಮನೆಯಲ್ಲೇ ಹದವಾಗಿ ಬೆರೆಸಿ ಡಬ್ಬಿಗೆ ಹಾಕಿಟ್ಟಂತೆ. ಊಟಕ್ಕೆ ಕೂತವನು ಉಪ್ಪು ಬೇರೆ ಖಾರ ಬೇರೆ ಹಾಕಿಕೊಳ್ಳಬೇಕಿಲ್ಲ. ಇಲ್ಲಿ ನ್ಯಾನೊ ಎಂಬುದು ಜಾಹೀರಾತಿನ ಪದವಾಗಿರಲಿಲ್ಲ, ಆ ಗಾತ್ರದಲ್ಲಿ ಮಾತ್ರ ಕಣಗಳು ಶಾಯಿಯಂತೆ ಹರಿಯುತ್ತವೆ ಮತ್ತು ಬೇಗ ಬೆಸೆದುಕೊಳ್ಳುತ್ತವೆ. 2008ರಲ್ಲಿ ಕಂಪನಿ ತನ್ನ ಯಂತ್ರದ ಒಂದು ವಿಡಿಯೊ ತೋರಿಸಿತು: ನಿಮಿಷಕ್ಕೆ ನೂರು ಅಡಿ ಹಾಳೆ ಓಡುತ್ತಿದೆ. ಸುಮಾರು 16.5 ಲಕ್ಷ ಡಾಲರಿನ ಈ ಒಂದೇ ಯಂತ್ರ ವರ್ಷಕ್ಕೆ ಸಾವಿರ ಮೆಗಾವಾಟ್‌ನ ಕೋಶಗಳಿಗೆ ಬಣ್ಣ ಬಳಿಯಬಲ್ಲದು ಎಂದರು. ವಾಟ್‌ಗೆ ಒಂದು ಡಾಲರಿನಂತೆ ಮಾರಿಯೂ ಲಾಭ ಮಾಡುತ್ತೇವೆ ಎಂದರು. ಸಾಮಾನ್ಯ ಸಿಲಿಕಾನ್ ಫಲಕಗಳು ಆಗ ವಾಟ್‌ಗೆ ನಾಲ್ಕು ಡಾಲರಿನ ಆಸುಪಾಸಿನಲ್ಲಿದ್ದವು.

ಈ ಕನಸು ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದಲ್ಲ. ಅದರ ಬೇರು ಸ್ವಿಟ್ಜರ್ಲೆಂಡಿನ ಲೌಸಾನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿನ ರಸಾಯನಶಾಸ್ತ್ರಜ್ಞ ಮೈಕೆಲ್ ಗ್ರೆಟ್ಸೆಲ್ ಮತ್ತು ಅಮೆರಿಕದಿಂದ ಬಂದ ತರುಣ ಬ್ರಯಾನ್ ಓ'ರೀಗನ್ 1991ರ ಅಕ್ಟೋಬರ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಗೋಡೆಯ ಬಿಳಿ ಬಣ್ಣದಲ್ಲಿ, ಟೂತ್‌ಪೇಸ್ಟಿನಲ್ಲಿ ಇರುವ ಟೈಟಾನಿಯಂ ಡೈಆಕ್ಸೈಡನ್ನು ಕೆಲವೇ ನ್ಯಾನೊಮೀಟರ್ ಗಾತ್ರದ ಕಣಗಳಾಗಿ ಗಾಜಿನ ಮೇಲೆ ಹಚ್ಚಿ, ಆ ಕಣಗಳಿಗೆ ಬಣ್ಣದ ಅಣುಗಳನ್ನು ಅಂಟಿಸಿದರೆ ಬಿಸಿಲಿನಿಂದ ವಿದ್ಯುತ್ ಬರುತ್ತದೆ ಎಂಬುದು ಅದರ ಸಾರ. ದಕ್ಷತೆ ಶೇ 7ಕ್ಕಿಂತ ಹೆಚ್ಚು. ಅದಕ್ಕೆ ಮೊದಲು ಇದೇ ದಾರಿ ಹಿಡಿದವರಿಗೆ ಶೇ 1 ದಾಟುವುದೂ ಕಷ್ಟವಾಗಿತ್ತು. ಎಲೆ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಬೆಳಕನ್ನು ಹಿಡಿಯುವುದು ಒಂದು ವಸ್ತು, ಎಲೆಕ್ಟ್ರಾನನ್ನು ಸಾಗಿಸುವುದು ಇನ್ನೊಂದು. ನಯವಾದ ಮೇಲ್ಮೈಯಲ್ಲಿ ಬಣ್ಣದ ಒಂದು ಪದರ ಕೂತರೆ ಬೆಳಕು ಅದನ್ನು ದಾಟಿ ಹೋಗಿಬಿಡುತ್ತದೆ. ಸ್ಪಂಜಿನಂಥ ನ್ಯಾನೊಕಣಗಳ ರಾಶಿಯಲ್ಲಿ ಒಳಮೇಲ್ಮೈ ನೂರಾರು ಪಟ್ಟು ಬೆಳೆಯುತ್ತದೆ, ಬೆಳಕಿಗೆ ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ.

ಇದನ್ನು ಕಾಲೇಜಿನ ಲ್ಯಾಬಿನಲ್ಲೂ ಮಾಡಬಹುದು. ವಿದ್ಯುತ್ ಹರಿಯುವ ಲೇಪವಿರುವ ಎರಡು ಗಾಜಿನ ತುಂಡು ಬೇಕು. ಒಂದರ ಅಂಚುಗಳಿಗೆ ಸೆಲೋಟೇಪ್ ಅಂಟಿಸಿ, ನಡುವೆ ಟೈಟಾನಿಯಂ ಡೈಆಕ್ಸೈಡಿನ ಪೇಸ್ಟ್ ಹಾಕಿ, ಗಾಜಿನ ಕಡ್ಡಿಯಿಂದ ಒಂದೇ ಸಲ ಎಳೆಯಬೇಕು. ಟೇಪಿನ ದಪ್ಪವೇ ಪದರದ ದಪ್ಪ. 450 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಆರಿಸಿದರೆ ಸುಣ್ಣ ಬಳಿದಂಥ ಬಿಳಿ ಪದರ ಉಳಿಯುತ್ತದೆ. ಅದನ್ನು ಯುರೋಪಿನ ಮಕ್ಕಳು ರಾಸ್‌ಬೆರಿ ರಸದಲ್ಲಿ ಅದ್ದುತ್ತಾರೆ, ನಮ್ಮಲ್ಲಿ ದಾಸವಾಳದ ರಸ ಸಾಕು, ನೇರಳೆ ಹಣ್ಣೂ ಆದೀತು. ಇನ್ನೊಂದು ಗಾಜಿನ ಮೇಲೆ ಪೆನ್ಸಿಲಿನಿಂದ ಗೀಚಿ ಇಂಗಾಲ ಹಚ್ಚಿ, ಎರಡನ್ನೂ ಮುಖಾಮುಖಿ ಜೋಡಿಸಿ, ಕಾಗದಕ್ಕೆ ಹಾಕುವ ಕ್ಲಿಪ್ಪಿನಿಂದ ಹಿಡಿದು, ಸಂದಿಯೊಳಕ್ಕೆ ಅಯೋಡಿನ್ ದ್ರಾವಣದ ಒಂದು ಹನಿ ಬಿಟ್ಟರೆ ಮುಗಿಯಿತು. ಕಿಟಕಿಯ ಬಳಿ ಹಿಡಿದರೆ ಮೀಟರಿನ ಮುಳ್ಳು ಅಲ್ಲಾಡುತ್ತದೆ.

ಆ ಮುಳ್ಳು ಅಲ್ಲಾಡಿದ್ದನ್ನು ನೋಡಿದವರಿಗೆ ಸಿಲಿಕಾನ್ ಕಾರ್ಖಾನೆಗಳು ಹುಚ್ಚುತನವಾಗಿ ಕಂಡರೆ ಆಶ್ಚರ್ಯವಿಲ್ಲ. ಬಿಳಿ ಕಲ್ಲನ್ನು ಕುಲುಮೆಯಲ್ಲಿ ಕರಗಿಸಿ, ಆಮ್ಲದೊಡನೆ ಅನಿಲ ಮಾಡಿ, ಅನಿಲದಿಂದ ಮತ್ತೆ ಶುದ್ಧ ಸರಳು ಬೆಳೆಸಿ, ಸರಳನ್ನು ಮತ್ತೆ ಕರಗಿಸಿ ಗಟ್ಟಿ ಮಾಡಿ, ತಂತಿ ಗರಗಸದಿಂದ ಹಪ್ಪಳದಂತೆ ಕೊಯ್ಯುವುದು ಅವರ ಕ್ರಮ. ಕೊಯ್ಯುವಾಗ ಹಪ್ಪಳದಷ್ಟೇ ಸಿಲಿಕಾನು ಹೊಟ್ಟಾಗಿ ಉದುರಿಹೋಗುತ್ತಿತ್ತು. ಹಪ್ಪಳದ ದಪ್ಪ 200 ಮೈಕ್ರಾನ್. ಬೆಳಕು ಹೀರಲು ಸಿಗ್ಸ್‌ಗೆ ಒಂದೆರಡು ಮೈಕ್ರಾನ್ ಸಾಕು.

ಅತ್ತ ಅಮೆರಿಕದ ಪೂರ್ವ ಕರಾವಳಿಯ ಲೋವೆಲ್ ಎಂಬ ಹಳೆಯ ಬಟ್ಟೆ ಗಿರಣಿಗಳ ಊರಿನಲ್ಲಿ 2001ರಲ್ಲಿ ಇನ್ನೊಂದು ಕಂಪನಿ ಹುಟ್ಟಿತು. ಅದರ ಹೆಸರು ಕೊನಾರ್ಕಾ. ಹೌದು, ಒಡಿಶಾದ ಸೂರ್ಯದೇವಾಲಯದ ಹೆಸರೇ. ಖರಗ್‌ಪುರದ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋಗಿ ಲೋವೆಲ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಸುಕಾಂತ ತ್ರಿಪಾಠಿಯವರ ಸಂಶೋಧನೆಯಿಂದ ಎದ್ದ ಕಂಪನಿ ಅದು. ಆದರೆ ಅದು ಶುರುವಾಗುವುದನ್ನು ನೋಡಲು ಅವರಿರಲಿಲ್ಲ. 2000ದ ಡಿಸೆಂಬರ್‌ನಲ್ಲಿ ಹವಾಯಿಯ ಸಮುದ್ರದಲ್ಲಿ ಈಜುವಾಗ ತೀರಿಕೊಂಡಿದ್ದರು. ವಿದ್ಯುತ್ ಹರಿಯುವ ಪ್ಲಾಸ್ಟಿಕ್ಕಿಗಾಗಿ ಅದೇ ವರ್ಷ ನೊಬೆಲ್ ಪಡೆದ ಆಲನ್ ಹೀಗರ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದರು.

ಕೊನಾರ್ಕಾ ಮಾಡಲು ಹೊರಟದ್ದು ಪ್ಲಾಸ್ಟಿಕ್ ಸೌರಪಟ್ಟಿ. ಪ್ಲಾಸ್ಟಿಕ್ಕಿಗೆ ಬೆಳಕು ಬಿದ್ದಾಗ ಎಲೆಕ್ಟ್ರಾನು ತಕ್ಷಣ ಬಿಡುಗಡೆಯಾಗುವುದಿಲ್ಲ, ತಾನು ಬಿಟ್ಟುಬಂದ ಖಾಲಿ ಜಾಗಕ್ಕೆ ಗಂಟುಬಿದ್ದೇ ಅಲೆಯುತ್ತದೆ. ಸುಮಾರು ಹತ್ತು ನ್ಯಾನೊಮೀಟರ್ ಅಲೆಯುವುದರೊಳಗೆ ಅದನ್ನು ಕಿತ್ತುಕೊಳ್ಳುವ ಇನ್ನೊಂದು ವಸ್ತು ಸಿಗದಿದ್ದರೆ ಮತ್ತೆ ಗುಂಡಿಗೆ ಬಿದ್ದು ಶಾಖವಾಗಿ ಮುಗಿಯುತ್ತದೆ. ಹಾಗಾಗಿ ಪ್ಲಾಸ್ಟಿಕ್ಕನ್ನೂ, ಫುಟ್‌ಬಾಲ್ ಆಕಾರದ ಇಂಗಾಲದ ಅಣುಗಳನ್ನೂ ರವೆ ಬೆಲ್ಲದಂತೆ ಕಲಸಿಬಿಡಬೇಕು. ಎಲ್ಲಿಂದ ಹೊರಟರೂ ಹತ್ತು ನ್ಯಾನೊಮೀಟರಿನೊಳಗೆ ಗಡಿ ಸಿಗಬೇಕು. ಲ್ಯಾಬಿನಲ್ಲಿ ಇದು ಚೆನ್ನಾಗಿ ನಡೆಯಿತು, 2010ರಲ್ಲಿ ಕೊನಾರ್ಕಾದ ಕೋಶವೊಂದು ಶೇ 8.3ರ ದಾಖಲೆ ಮುಟ್ಟಿತು. ಮಾರುತ್ತಿದ್ದ ಪಟ್ಟಿಗಳ ದಕ್ಷತೆ ಅದಕ್ಕಿಂತ ಬಹಳ ಕೆಳಗಿತ್ತು. ನ್ಯೂ ಬೆಡ್‌ಫರ್ಡ್‌ನಲ್ಲಿ ಪೋಲರಾಯ್ಡ್ ಕಂಪನಿ ಬಿಟ್ಟುಹೋಗಿದ್ದ ಕಾರ್ಖಾನೆಯನ್ನು 2008ರಲ್ಲಿ ಅವರು ಹಿಡಿದರು. ಫೋಟೊ ಫಿಲ್ಮಿಗೆ ಲೇಪ ಹಚ್ಚುತ್ತಿದ್ದ ಯಂತ್ರ, ಅದನ್ನು ನಡೆಸಿ ಪಳಗಿದ ಕೆಲಸಗಾರರು, ಎರಡೂ ಸಿದ್ಧವಿದ್ದವು. ಡಿಜಿಟಲ್ ಕ್ಯಾಮೆರಾ ಬಂದು ಕೆಲಸ ಕಳೆದುಕೊಂಡ ಜನಕ್ಕೆ ಸೂರ್ಯನ ಕೆಲಸ ಸಿಕ್ಕಿದ್ದು ಈ ಇಡೀ ಕಥೆಯಲ್ಲಿ ನನಗೆ ಹಿತವಾದ ಭಾಗ. ಅವರ ಪಟ್ಟಿಗಳು ಹೆಗಲಿಗೆ ಹಾಕುವ ಚೀಲಗಳ ಮೇಲೆ ಬಂದವು, ಸ್ಯಾನ್ ಫ್ರಾನ್ಸಿಸ್ಕೊದ ಬಸ್ ತಂಗುದಾಣದ ಅಲೆಯಾಕಾರದ ಚಾವಣಿಯ ಮೇಲೆ ಬಂದವು. ಗ್ರೆಟ್ಸೆಲ್ ಕೋಶವನ್ನು ಹಿಡಿದ ವೇಲ್ಸ್‌ನ ಜಿ24 ಇನ್ನೊವೇಶನ್ಸ್ ಕೂಡ 2009ರಲ್ಲಿ ತನ್ನ ಮೊದಲ ಸರಕನ್ನು ಕಳಿಸಿದ್ದು ಹಾಂಕಾಂಗಿನ ಒಬ್ಬ ಚೀಲ ತಯಾರಕನಿಗೆ. ಭೂಮಿಗೆಲ್ಲ ಬೆಳಕು ಕೊಡಲು ಹೊರಟ ತಂತ್ರಜ್ಞಾನ ಫೋನ್ ಚಾರ್ಜ್ ಮಾಡುವ ಚೀಲದಲ್ಲಿ ಸಿಕ್ಕಿಕೊಂಡಿತ್ತು.

ಹೂಡಿಕೆದಾರರು ಇಷ್ಟು ದುಡ್ಡು ಸುರಿದದ್ದೇಕೆ ಎಂದು ತಿಳಿಯಬೇಕಾದರೆ ಸಿಲಿಕಾನಿನ ಬೆಲೆ ನೋಡಬೇಕು. ನನ್ನ ಮಟ್ಟಿಗೆ ಈ ಚರಿತ್ರೆಯ ನಿಜವಾದ ನಾಯಕನೂ ಖಳನೂ ಆ ಬೆಲೆಯೇ. ದಶಕಗಳ ಕಾಲ ಸೌರ ಉದ್ಯಮ ಕಂಪ್ಯೂಟರ್ ಚಿಪ್ ಉದ್ಯಮದ ಎಂಜಲು ತಿಂದು ಬದುಕಿತ್ತು. ಚಿಪ್ಪಿನವರು ಬೇಡವೆಂದ ಶುದ್ಧ ಸಿಲಿಕಾನ್ ಇವರಿಗೆ ಕಿಲೋಗೆ 25–30 ಡಾಲರಿಗೆ ಸಿಗುತ್ತಿತ್ತು. 2000ದಲ್ಲಿ ಜರ್ಮನಿ ಒಂದು ಕಾನೂನು ತಂದಿತು: ಸೌರವಿದ್ಯುತ್ತನ್ನು ಇಪ್ಪತ್ತು ವರ್ಷ ನಿಗದಿತ ಒಳ್ಳೆಯ ದರಕ್ಕೆ ಕೊಳ್ಳಲೇಬೇಕು. 2004ರಲ್ಲಿ ದರ ಇನ್ನಷ್ಟು ಆಕರ್ಷಕವಾಯಿತು. ಬವೇರಿಯಾದ ರೈತರು ಹುಲ್ಲಿನ ಕೊಟ್ಟಿಗೆಯ ಮೇಲೆ ಫಲಕ ಹಾಕಿಸತೊಡಗಿದರು. 2006ರ ಹೊತ್ತಿಗೆ ಸೌರದವರೇ ಚಿಪ್ಪಿನವರಿಗಿಂತ ಹೆಚ್ಚು ಸಿಲಿಕಾನ್ ಬಯಸತೊಡಗಿದರು. ಎಂಜಲಿನಲ್ಲಿ ಹೊಟ್ಟೆ ತುಂಬುವಂತಿರಲಿಲ್ಲ. ಹೊಸ ಶುದ್ಧೀಕರಣ ಘಟಕ ಕಟ್ಟಲು ಎರಡು ಮೂರು ವರ್ಷ ಬೇಕು. 2008ರಲ್ಲಿ ಸ್ಪಾಟ್ ಮಾರುಕಟ್ಟೆಯಲ್ಲಿ ಕಿಲೋ ಸಿಲಿಕಾನಿನ ಬೆಲೆ 400 ಡಾಲರ್ ದಾಟಿತು.

ಭೂಮಿಯ ಚಿಪ್ಪಿನಲ್ಲಿ ಆಮ್ಲಜನಕ ಬಿಟ್ಟರೆ ಅತಿ ಹೆಚ್ಚು ಇರುವ ಧಾತು ಹೀಗೆ ಬೆಳ್ಳಿಯೊಡನೆ ಸರಿದೂಗಿತ್ತು. ಆ ವರ್ಷ ಸಿಲಿಕಾನನ್ನು ಬಳಸದ ಯಾವ ಉಪಾಯಕ್ಕೂ ದುಡ್ಡು ಸಿಗುತ್ತಿತ್ತು. ನ್ಯಾನೊಸೋಲಾರ್ ಒಂದೇ ಸುತ್ತಿನಲ್ಲಿ 30 ಕೋಟಿ ಡಾಲರ್ ಎತ್ತಿತು. ಕೊನಾರ್ಕಾಕ್ಕೆ ಫ್ರಾನ್ಸಿನ ತೈಲ ಕಂಪನಿ ಟೋಟಲ್ ನಾಲ್ಕೂವರೆ ಕೋಟಿ ಕೊಟ್ಟಿತು. ಸಿಗ್ಸ್ ಅನ್ನೇ ಗಾಜಿನ ಕೊಳವೆಗಳ ಮೇಲೆ ಹಚ್ಚುತ್ತಿದ್ದ ಸೊಲಿಂಡ್ರಾ ಮುಂದಿನ ವರ್ಷ ಅಮೆರಿಕ ಸರ್ಕಾರದಿಂದ 53.5 ಕೋಟಿ ಡಾಲರ್ ಸಾಲಕ್ಕೆ ಖಾತರಿ ಪಡೆಯಿತು. ಇವರೆಲ್ಲರ ಲೆಕ್ಕದ ಪುಸ್ತಕದಲ್ಲಿ ಬರೆಯದೇ ಬಿಟ್ಟಿದ್ದ ಒಂದು ಸಾಲಿತ್ತು: ಸಿಲಿಕಾನ್ ದುಬಾರಿಯಾಗಿಯೇ ಇರುತ್ತದೆ.

ಮಲೆನಾಡಿನ ಅಡಿಕೆ ಬೆಳೆಗಾರರನ್ನು ಕೇಳಿದ್ದರೆ ಹೇಳುತ್ತಿದ್ದರು. ಬೆಲೆ ಏರಿದ ವರ್ಷ ಗದ್ದೆಯಲ್ಲೂ ಸಸಿ ನಡುತ್ತಾರೆ, ಅವು ಫಲಕ್ಕೆ ಬರುವ ವರ್ಷ ಬೆಲೆ ಇರುವುದಿಲ್ಲ. 400 ಡಾಲರಿನ ಬೆಲೆ ಜರ್ಮನಿ, ಅಮೆರಿಕ, ಕೊರಿಯಾ, ಎಲ್ಲಕ್ಕಿಂತ ಮೇಲಾಗಿ ಚೀನಾದಲ್ಲಿ ಶುದ್ಧೀಕರಣ ಘಟಕಗಳನ್ನು ಎಬ್ಬಿಸಿತ್ತು. ಅವೆಲ್ಲ ಉರಿ ಹಚ್ಚುವ ಹೊತ್ತಿಗೆ ಸರಿಯಾಗಿ ಎರಡು ಪೆಟ್ಟು ಬಿದ್ದವು. 2008ರ ಸೆಪ್ಟೆಂಬರ್‌ನಲ್ಲಿ ಲೇಮನ್ ಬ್ರದರ್ಸ್ ಕುಸಿದು ಬ್ಯಾಂಕುಗಳು ಸಾಲ ನಿಲ್ಲಿಸಿದವು. ಅದೇ ತಿಂಗಳು ಸ್ಪೇನ್ ಹಿಂದೆ ಸರಿಯಿತು. ಆ ವರ್ಷ ಸುಮಾರು 2,600 ಮೆಗಾವಾಟ್ ಫಲಕ ಹಾಕಿಸಿದ್ದ ದೇಶ ಮುಂದಿನ ವರ್ಷಕ್ಕೆ 500ರ ಮಿತಿ ಹೇರಿತು. 2009ರ ಕೊನೆಗೆ ಸಿಲಿಕಾನ್ ಕಿಲೋಗೆ 60 ಡಾಲರಿಗಿಂತ ಕೆಳಗಿತ್ತು, 2012ರ ಕೊನೆಗೆ 20ಕ್ಕಿಂತ ಕೆಳಗೆ. ಆ ಹೊತ್ತಿಗೆ ಸಿಲಿಕಾನ್ ಫಲಕವೇ ವಾಟ್‌ಗೆ ಒಂದು ಡಾಲರಿನ ಕೆಳಗೆ ಮಾರಾಟವಾಗುತ್ತಿತ್ತು. ನ್ಯಾನೊಸೋಲಾರ್ ಜಗತ್ತಿಗೆ ಕೊಟ್ಟ ಮಾತನ್ನು ಅದರ ಎದುರಾಳಿ ನಡೆಸಿಕೊಟ್ಟ.

ಸಮಾನ ಬೆಲೆಗೆ ಸಿಕ್ಕರೂ ಗೆಲ್ಲಬಹುದಿತ್ತಲ್ಲ ಎಂದು ಕೇಳಬಹುದು. ಸಾಧ್ಯವಿರಲಿಲ್ಲ. ಫಲಕದ ಬೆಲೆ ಸೊನ್ನೆಯಾದರೂ ಕಂಬ, ಚೌಕಟ್ಟು, ತಂತಿ, ಜಾಗದ ಗುತ್ತಿಗೆ, ಕೂಲಿ ಇವು ಉಳಿಯುತ್ತವೆ, ಅವು ವಾಟ್‌ನ ಲೆಕ್ಕದಲ್ಲಲ್ಲ, ಚದರಡಿಯ ಲೆಕ್ಕದಲ್ಲಿ ಬರುತ್ತವೆ. ಶೇ 5ರ ಪಟ್ಟಿಗೆ ಶೇ 15ರ ಫಲಕಕ್ಕಿಂತ ಮೂರು ಪಟ್ಟು ಜಾಗ, ಮೂರು ಪಟ್ಟು ಕಂಬ ಬೇಕು. ಮೇಲಾಗಿ ಸಿಲಿಕಾನಿನವರು 25 ವರ್ಷದ ಗ್ಯಾರಂಟಿ ಕೊಡುತ್ತಿದ್ದರು. ಪ್ಲಾಸ್ಟಿಕ್ ಪಟ್ಟಿ ಬಿಸಿಲು, ಗಾಳಿ, ತೇವಕ್ಕೆ ಕೆಲವೇ ವರ್ಷಗಳಲ್ಲಿ ಸೊರಗುತ್ತಿತ್ತು. ಗ್ರೆಟ್ಸೆಲ್ ಕೋಶದ ಅಯೋಡಿನ್ ದ್ರವ ಸೋರುತ್ತಿತ್ತು. ಬ್ಯಾಂಕಿನವನಿಗೆ ನ್ಯಾನೊಮೀಟರ್ ಅರ್ಥವಾಗುವುದಿಲ್ಲ, ಸಾಲ ತೀರುವ ತನಕ ಫಲಕ ಬದುಕಿರುತ್ತದೆಯೇ ಎಂಬುದಷ್ಟೇ ಬೇಕು.

ನ್ಯಾನೊಸೋಲಾರ್‌ನ ಕಷ್ಟ ಇವರಿಗಿಂತ ಬೇರೆ. ಅವರ ಕೋಶಗಳು ಚೆನ್ನಾಗಿಯೇ ಇದ್ದವು, ಲ್ಯಾಬಿನಲ್ಲಿ ಶೇ 16 ದಾಟಿದ್ದವು. ಆದರೆ ಒಂದು ಅಂಗೈಯಗಲದ ಕೋಶಕ್ಕೆ ಸರಿಯಾಗಿ ಶಾಯಿ ಬಳಿಯುವುದಕ್ಕೂ ಮೈಲುಗಟ್ಟಲೆ ಹಾಳೆಗೆ ದಿನವಿಡೀ ಒಂದೇ ಹದದಲ್ಲಿ ಬಳಿಯುವುದಕ್ಕೂ ಬಹಳ ಅಂತರ. 2009ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಬ್ರಾಂಡನ್‌ಬರ್ಗ್ ರಾಜ್ಯದ ಲುಕೆನ್‌ವಾಲ್ಡೆಯಲ್ಲಿ ವರ್ಷಕ್ಕೆ 640 ಮೆಗಾವಾಟ್ ಜೋಡಿಸಬಲ್ಲ ಸ್ವಯಂಚಾಲಿತ ಕಾರ್ಖಾನೆ ತೆರೆದರು. ಅದು ಓಡುತ್ತಿದ್ದದ್ದು ತಿಂಗಳಿಗೆ ಒಂದು ಮೆಗಾವಾಟ್‌ನ ಲೆಕ್ಕದಲ್ಲಿ. ಮುಂದಿನ ವಸಂತದಲ್ಲಿ ಕಂಪನಿ ಕಟ್ಟಿದ ಮಾರ್ಟಿನ್ ರೋಷೈಸನ್ ಮುಖ್ಯಸ್ಥನ ಕುರ್ಚಿಯಿಂದ ಇಳಿದರು. ಮೇಲಿಂಗ್ ಗ್ರೂಪುಗಳ ಈಗ್ರೂಪ್ಸ್ ಕಂಪನಿಯನ್ನು ಯಾಹೂಗೆ ಮಾರಿ ಬಂದಿದ್ದ ಮನುಷ್ಯ ಅವರು. ಸಾಫ್ಟ್‌ವೇರಿನಲ್ಲಿ ಒಂದು ಪ್ರತಿ ಸರಿಯಾದರೆ ಹತ್ತು ಲಕ್ಷ ಪ್ರತಿಯೂ ಸರಿ. ಸೆಲೆನಿಯಮ್ಮಿಗೆ ಆ ಗುಣವಿಲ್ಲ.

2011ರ ಸೆಪ್ಟೆಂಬರ್ ಹೊತ್ತಿಗೆ ಸೊಲಿಂಡ್ರಾ ದಿವಾಳಿಯಾಗಿ ಅಮೆರಿಕದ ರಾಜಕೀಯದಲ್ಲಿ ಬೈಗುಳವಾಯಿತು. 2012ರ ಮೇ 31ರಂದು ಅಧ್ಯಕ್ಷ ಪದವಿಯ ಅಭ್ಯರ್ಥಿ ಮಿಟ್ ರಾಮ್ನಿ ಒಬಾಮಾರನ್ನು ಹಂಗಿಸಲು ಸೊಲಿಂಡ್ರಾದ ಮುಚ್ಚಿದ ಬಾಗಿಲ ಮುಂದೆಯೇ ನಿಂತು ಮಾತಾಡಿದರು. ಮರುದಿನ ಕೊನಾರ್ಕಾ ದಿವಾಳಿ ಅರ್ಜಿ ಹಾಕಿತು. ಮ್ಯಾಸಚೂಸೆಟ್ಸ್‌ನ ಗವರ್ನರ್ ಆಗಿ 2003ರಲ್ಲಿ ಅದೇ ಕಂಪನಿಗೆ 15 ಲಕ್ಷ ಡಾಲರ್ ಘೋಷಿಸಿದವರು ರಾಮ್ನಿಯವರೇ. ಎದುರು ಪಕ್ಷದವರು ಇದನ್ನು ಹಿಡಿದು ಆಡದೆ ಬಿಡಲಿಲ್ಲ. ಆ ವರ್ಷದ ಕೊನೆಗೆ ವೇಲ್ಸ್‌ನ ಜಿ24 ಆಡಳಿತಾಧಿಕಾರಿಗಳ ಕೈಸೇರಿತು. 2013ರ ಆರಂಭದಲ್ಲಿ ನ್ಯಾನೊಸೋಲಾರ್ ತನ್ನ ಮುಕ್ಕಾಲು ಪಾಲು ಜನರನ್ನು ಮನೆಗೆ ಕಳಿಸಿತು, ಅದೇ ವರ್ಷ ಅದರ ಯಂತ್ರಗಳು ಹರಾಜಾದವು. ಒಟ್ಟು ಸುಮಾರು 50 ಕೋಟಿ ಡಾಲರ್ ಕರಗಿತ್ತು. ಗೆದ್ದವರಿಗೂ ಸುಖವಿರಲಿಲ್ಲ ಎನ್ನಿ. ಬೆಲೆ ಇಳಿಸಿದ ಚೀನೀ ಕಂಪನಿಗಳ ಮುಂಚೂಣಿಯಲ್ಲಿದ್ದ ಸನ್‌ಟೆಕ್ ಕೂಡ ಅದೇ ಮಾರ್ಚ್‌ನಲ್ಲಿ ಸಾಲ ತೀರಿಸಲಾಗದೆ ಬಿತ್ತು.

ಈ ಗದ್ದಲದಲ್ಲಿ ಬುದ್ಧಿವಂತಿಕೆಯಿಂದ ಪಾರಾದ ಕಂಪನಿ ಎಂದರೆ ಸನ್ನಿವೇಲ್‌ನ ಇನ್ನೊವಲೈಟ್. ಸಿಲಿಕಾನಿನ ನ್ಯಾನೊಕಣಗಳಿಂದ ಶಾಯಿ ಮಾಡಿ ಕೋಶ ಮುದ್ರಿಸುವುದು ಇವರ ಮೊದಲ ಯೋಜನೆ. ಗಾಳಿ ಬದಲಾದದ್ದನ್ನು ಕಂಡು ಕೋಶ ಮಾಡುವ ಆಸೆಯನ್ನೇ ಬಿಟ್ಟರು. ಅದೇ ಶಾಯಿಯನ್ನು ಸಾಮಾನ್ಯ ಸಿಲಿಕಾನ್ ಹಪ್ಪಳದ ಮೇಲೆ, ಲೋಹದ ಗೆರೆಗಳು ಬರುವ ಜಾಗದಲ್ಲಿ ಮಾತ್ರ ತೆಳುವಾಗಿ ಮುದ್ರಿಸಿದರೆ ಕೋಶದ ದಕ್ಷತೆ ತುಸು ಏರುತ್ತದೆ ಎಂದು ತೋರಿಸಿ ಚೀನಾದ ತಯಾರಕರಿಗೆ ಶಾಯಿ ಮಾರಿದರು. 2011ರಲ್ಲಿ ಡುಪಾಂಟ್ ಅವರನ್ನು ಕೊಂಡುಕೊಂಡಿತು. ಸಾಮ್ರಾಜ್ಯ ಕಟ್ಟಲು ಬಂದವನು ರಾಜನ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವ ಕೆಲಸ ಹಿಡಿದಂತೆ. ಆದರೆ ಸಂಬಳ ಬಂತು.

ನ್ಯಾನೊ ಗೆದ್ದದ್ದೂ ಹೀಗೇ, ಹಿಂಬಾಗಿಲಿನಿಂದ. ತುಮಕೂರು ಜಿಲ್ಲೆಯ ಪಾವಗಡದಲ್ಲಿ, ತಿರುಮಣಿಯ ಸುತ್ತ ಸುಮಾರು 13,000 ಎಕರೆ ಬರಡು ನೆಲವನ್ನು ರೈತರಿಂದ ಗುತ್ತಿಗೆ ಹಿಡಿದು 2,050 ಮೆಗಾವಾಟ್‌ನ ಸೌರಪಾರ್ಕ್ ಎದ್ದದ್ದು 2018–19ರಲ್ಲಿ. ಅಷ್ಟು ದೊಡ್ಡದನ್ನು ಕಟ್ಟುವ ಧೈರ್ಯ ಬಂದದ್ದು ಆ ಬೆಲೆ ಕುಸಿತದಿಂದಲೇ. ಅಲ್ಲಿ ಸಾಲುಸಾಲಾಗಿ ನಿಂತಿರುವುದು ಹೆಚ್ಚಾಗಿ ಹಳೆಯ ಸಿಲಿಕಾನೇ. ಈಗ ಜಗತ್ತಿನ ಕಾರ್ಖಾನೆಗಳಿಂದ ಹೆಚ್ಚಾಗಿ ಹೊರಬೀಳುತ್ತಿರುವ ಟಾಪ್‌ಕಾನ್ ಬಗೆಯ ಕೋಶ ನೋಡಲು ಅದರ ತಮ್ಮನಂತಿದೆ, ಆದರೆ ಅದರ ಬೆನ್ನಿನಲ್ಲಿ ಒಂದೆರಡು ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರವಿದೆ. ಎಲೆಕ್ಟ್ರಾನುಗಳು ಅದನ್ನು ತೂರಿಕೊಂಡು ಹೋಗುತ್ತವೆ. ಅದನ್ನು ನ್ಯಾನೊ ಸೌರಕೋಶ ಎಂದು ಯಾರೂ ಮಾರುವುದಿಲ್ಲ.

ಗ್ರೆಟ್ಸೆಲ್ ಕೋಶ ಸಾಯುವ ಮುನ್ನ ಒಂದು ಕೂಸು ಹೆತ್ತಿತ್ತು. 2009ರಲ್ಲಿ ಜಪಾನಿನ ಯೊಕೊಹಾಮಾದಲ್ಲಿ ತ್ಸುತೊಮು ಮಿಯಾಸಾಕಾ ಅವರ ತಂಡ ಅದರ ಬಣ್ಣದ ಜಾಗದಲ್ಲಿ ಪೆರೊವ್‌ಸ್ಕೈಟ್ ಎಂಬ ಹರಳು ಬಳಸಿ ಶೇ 3.8 ದಕ್ಷತೆ ಪಡೆಯಿತು. ಅದೂ ಕೆಲವೇ ನಿಮಿಷದಲ್ಲಿ ದ್ರವದಲ್ಲಿ ಕರಗಿಹೋಗುತ್ತಿತ್ತು. 2012ರಲ್ಲಿ ಆಕ್ಸ್‌ಫರ್ಡಿನ ಹೆನ್ರಿ ಸ್ನೇಥ್ ಮತ್ತವರ ಜತೆಗಾರರು ದ್ರವವನ್ನೇ ಕಿತ್ತುಹಾಕಿ ಶೇ 10 ದಾಟಿದರು. ಮತ್ತೆ ಅದೇ ಶಾಯಿಯ ಮಾತು, ಅದೇ ರೀಲಿನ ಮಾತು, ಅದೇ ಹೂಡಿಕೆದಾರರ ಸಾಲು. ಆದರೆ ಸ್ನೇಥ್ ಸಹಸ್ಥಾಪಕರಾದ ಆಕ್ಸ್‌ಫರ್ಡ್ ಪಿವಿ ಸಿಲಿಕಾನಿನ ಮೇಲೆ ಯುದ್ಧ ಸಾರಲಿಲ್ಲ. 2016ರಲ್ಲಿ ಅದು ಬಾಷ್ ಕಂಪನಿಯಿಂದ ಒಂದು ಘಟಕವನ್ನು ಕೊಂಡಿತು, ಲುಕೆನ್‌ವಾಲ್ಡೆ ಇರುವ ಬ್ರಾಂಡನ್‌ಬರ್ಗ್ ರಾಜ್ಯದಲ್ಲೇ, ಹಾವೆಲ್ ನದಿಯ ದಂಡೆಯ ಇನ್ನೊಂದು ಊರಿನಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿಂದ ಶೇ 24.5 ದಕ್ಷತೆಯ ಫಲಕಗಳ ಮೊದಲ ಸರಕು ಅಮೆರಿಕದ ಒಬ್ಬ ಗಿರಾಕಿಗೆ ಹೋಯಿತು. ಫಲಕದ ಮೇಲಿನ ಪದರ ಪೆರೊವ್‌ಸ್ಕೈಟ್, ಒಂದು ಮೈಕ್ರಾನೂ ದಪ್ಪವಿಲ್ಲ. ಕೆಳಗಿರುವುದು ಸಿಲಿಕಾನ್.